ಹತ್ತು ದಿನದ ಉಗುರು

ಬಲ ಮುಂಗಾಲು ಮುಗಿದಿತ್ತು. ಕುಬರಾ ತನ್ನ ಬೆಕ್ಕು ಮಿಸ್ರಿಯನ್ನು ಹಳೆಯ ಓಢಣಿಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು, ಎಡಗಾಲನ್ನು ಬಟ್ಟೆಯಿಂದ ಹೊರಗೆ ತೆಗೆಯುತ್ತಿದ್ದಳು. ಬೆಕ್ಕಿನ ಬೆರಳನ್ನು ಮೇಲಿಂದಲೂ ಕೆಳಗಿಂದಲೂ ಮೆಲ್ಲಗೆ ಒತ್ತಿದರೆ ಒಳಗೆ ಅಡಗಿದ ಉಗುರು ತಾನಾಗಿ ಹೊರಗೆ ಬರುತ್ತದೆ. ಬುಡದಲ್ಲಿ ನಸುಗೆಂಪು ಗೆರೆಯೊಂದು ಕಾಣುತ್ತದೆ. ಅದು ಜೀವ, ಅದನ್ನು ಮುಟ್ಟಬಾರದು. ಅದರಾಚೆ ಕೊಕ್ಕೆಯಂತೆ ಬಾಗಿದ, ಗಾಜಿನಂಥ ತುದಿಯನ್ನಷ್ಟೇ ತೆಗೆಯಬೇಕು.

ಬಲಗಣ್ಣಿಗೆ ಅವಳು ಗಡಿಯಾರದವರ ಭೂತಗನ್ನಡಿಯನ್ನು ಸಿಕ್ಕಿಸಿಕೊಂಡಿದ್ದಳು. ಅವಳ ಗಂಡ ಜುಲ್ಫೀಕಾರ ಭಾಲ್ಕಿಯ ಸ್ಟೇಷನ್ ರಸ್ತೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ. ಅವನು ತೀರಿಕೊಂಡ ಮೇಲೆ ಅಂಗಡಿಯ ಸಾಮಾನೆಲ್ಲ ಯಾರು ಯಾರಿಗೋ ಹೋಯಿತು. ಅವಳು ತನಗೆಂದು ಎತ್ತಿಟ್ಟುಕೊಂಡದ್ದು ಈ ಭೂತಗನ್ನಡಿ ಮತ್ತು ಬೆರಳುದ್ದದ ಒಂದು ಕಟ್ಟರು. ಮೂರನೆಯದು ಮಿಸ್ರಿ. ಆಗ ಅದು ಒಂದು ವರ್ಷದ ಮರಿ. ಹನ್ನೊಂದು ವರ್ಷದ ಹಿಂದೆ ಬೀದರಕ್ಕೆ, ತಮ್ಮನ ಮನೆಗೆ, ಅವಳು ಬಂದಿಳಿದಾಗ ಒಂದು ಕೈಯಲ್ಲಿ ಟ್ರಂಕು, ಇನ್ನೊಂದು ಕೈಯಲ್ಲಿ ಬಿದಿರಿನ ಬುಟ್ಟಿ, ಬುಟ್ಟಿಯೊಳಗೆ ಈ ಬೆಕ್ಕು. ಉಗುರು ತೆಗೆಯುವುದನ್ನು ಕಲಿಸಿದ್ದೂ ಜುಲ್ಫೀಕಾರನೇ. ಕೆಂಪು ಕಂಡಲ್ಲಿ ಕೈ ನಿಲ್ಲಬೇಕು ಎಂದಿದ್ದ. ಅಷ್ಟೇ ಪಾಠ.

ಮನುಷ್ಯರು ಉಗುರನ್ನು ಬಲಗೈಯಿಂದ ಶುರು ಮಾಡುವ ಹಾಗೆ ಬೆಕ್ಕಿನದನ್ನೂ ಬಲಗಾಲಿನಿಂದಲೇ ಶುರು ಮಾಡುವುದು ಅವಳ ರೂಢಿ. ಮೂರು ವಾರಕ್ಕೊಮ್ಮೆ ತಪ್ಪದೆ ತೆಗೆಯುತ್ತಿದ್ದಳು. ಈ ಸಲ ಮಾತ್ರ ತಪ್ಪಿತ್ತು. ನಲವತ್ತು ದಿನ ಭಾಲ್ಕಿಯಲ್ಲಿದ್ದು ಮೊನ್ನೆಯಷ್ಟೇ ಬಂದಿದ್ದಳು. ಅಷ್ಟರಲ್ಲಿ ಮಿಸ್ರಿ ನಡೆದರೆ ಫರಸಿಯ ಮೇಲೆ ಟಿಕ್ ಟಿಕ್ ಸದ್ದಾಗುವಷ್ಟು ಉಗುರು ಬೆಳೆದಿದ್ದವು. ಮುದಿ ಬೆಕ್ಕು ಗೋಣಿತಟ್ಟನ್ನು ಕೆರೆಯುವುದನ್ನು ಬಿಟ್ಟುಬಿಡುತ್ತದೆ. ಉಗುರು ಸವೆಯುವುದಿಲ್ಲ, ದಪ್ಪಗಾಗುತ್ತ ಹೋಗುತ್ತದೆ.

ಎಡಗಾಲನ್ನು ಹಿಡಿದು ಬೆಳಕಿಗೆ ತಿರುಗಿಸುವಷ್ಟರಲ್ಲಿ ಮಸೀದಿಯ ಮೈಕು ಒಮ್ಮೆ ಕೆಮ್ಮಿ ಮಾತಾಡಿತು. ಮಹಡಿಯಿಂದ ಅಖೀಲ, ತಮ್ಮನ ಮಗ, ಎರಡೆರಡು ಮೆಟ್ಟಿಲು ಹಾರುತ್ತ ಇಳಿದು ಬಂದ.

"ಚಾಂದ ಕಂಡದ ಫುಪ್ಪು. ಹತ್ತು ದಿನಕ್ಕ ಬಕ್ರೀದ್."

ಅಡಿಗೆಮನೆಯಿಂದ ಅವನ ತಾಯಿ ಫರಹತ ಕೂಗಿ ಹೇಳಿದಳು: "ಹೆಸರಿದ್ದವರಿಗೆಲ್ಲಾ ಹೇಳಲತ್ತೀನಿ, ಇನ್ನ ಉಗುರು ಗಿಗುರು ಬಂದ್. ಅಖೀಲ, ನಿನ್ನ ಗಡ್ಡಕ್ಕ ಕತ್ತರಿ ತಾಕಸಿ ಗಿಕಸಿ."

"ಗಡ್ಡಕ್ಕೇನು ಹೇಳ್ತಿ ಅಮ್ಮಿ, ಫುಪ್ಪುಗ ಹೇಳು. ಕೈಯಾಗ ಕಟ್ಟರು ಹಿಡಕೊಂಡು ಕುಂತಾರ."

"ನನ್ನವು ಅಲ್ಲಪ್ಪ, ಮಿಸ್ರಿವು," ಎಂದಳು ಕುಬರಾ.

"ಮಿಸ್ರಿನೂ ಈ ಮನಿಯಾಕಿನೇ ಅಲ್ಲೇನು. ಅಕಿ ಉಗುರಿಗೂ ಹತ್ತು ದಿನ ಸುಟ್ಟಿ ಕೊಡ್ರಿ."

ಬಾಗಿಲಲ್ಲಿ ನಿಂತಿದ್ದ ಜೇಬಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಮದುವೆಯಾಗಿ ನಾಲ್ಕು ತಿಂಗಳಾಗಿದ್ದ ಸೊಸೆ ಅವಳು, ಅಖೀಲನ ಹೆಂಡತಿ. ಅವನ ಯಾವ ಮಾತಿಗಾದರೂ ನಗುತ್ತಿದ್ದಳು. ಕುಬರಾಳೂ ನಕ್ಕಳು. ಹುಡುಗ ತಮಾಷೆಗೆ ಅಂದದ್ದು ಅವಳಿಗೆ ಗೊತ್ತಿತ್ತು. ಚಂದ್ರ ಕಂಡ ಗಳಿಗೆಯಿಂದ, ಯಾರ ಹೆಸರಿನಲ್ಲಿ ಕುರ್ಬಾನಿಯಿದೆಯೋ ಅವರು, ಅದು ಮುಗಿಯುವವರೆಗೆ ಕೂದಲು, ಉಗುರು ತೆಗೆಯುವುದಿಲ್ಲ. ಬೆಕ್ಕಿಗೆ ಅಂಥದ್ದೇನೂ ಇಲ್ಲ. ಆದರೂ ಅವಳು ಕಣ್ಣಿನಿಂದ ಭೂತಗನ್ನಡಿಯನ್ನು ತೆಗೆದಳು. ಕಟ್ಟರನ್ನು ಡಬ್ಬಿಯಲ್ಲಿಟ್ಟಳು. ಓಢಣಿ ಬಿಚ್ಚಿದಳು. ಮಿಸ್ರಿ ಒಂದು ಕ್ಷಣ ನಂಬದೆ ನೋಡಿ, ನೆಗೆದು ಹೋಯಿತು.

ಈ ಮನೆಯಾಕೆ ಎಂದಿದ್ದ ಹುಡುಗ. ಆ ಮಾತು ಅವಳಿಗೆ ಹಿತವಾಗಿತ್ತು. ಹತ್ತು ದಿನ ತಾನೇ.

ತಮ್ಮ ಮಕ್ಸೂದನಿಗೆ ಚೌಬಾರಾದ ಹತ್ತಿರ ತಾಡಪತ್ರಿ ಅಂಗಡಿ. ಮನೆಯಲ್ಲಿ ಬಕ್ರೀದಿಗೆ ನಾಲ್ಕು ಬಕ್ರಾ, ಗಂಡಾಡು, ಕುರ್ಬಾನಿ ಕೊಡುವ ರೂಢಿ. ಅವನದೊಂದು, ಫರಹತಳದೊಂದು, ಅಖೀಲನದೊಂದು. ಕುಬರಾ ಇಲ್ಲಿಗೆ ಬಂದ ಮೊದಲ ವರ್ಷ, ಇನ್ನೂ ಯಾವ ಕೋಣೆಯಲ್ಲಿ ಕೂತರೂ ತಾನು ಅಡ್ಡವಾದೆನೇನೋ ಎಂದು ಎದ್ದು ಎದ್ದು ನಿಲ್ಲುತ್ತಿದ್ದ ದಿನಗಳಲ್ಲಿ, ಮಕ್ಸೂದ ಬಂದು ಹೇಳಿದ್ದ: "ಆಪಾ, ನಾಲ್ಕನೇದು ನಿನ್ನ ಹೆಸರಿನದು. ಉಗುರು ತೆಗೀಬ್ಯಾಡ." ಅಂದು ಅವಳು ಮೆಟ್ಟಿಲ ಕೆಳಗಿನ ತನ್ನ ಕೋಣೆಗೆ ಹೋಗಿ ಟ್ರಂಕಿನ ಬಟ್ಟೆಯನ್ನೆಲ್ಲ ತೆಗೆದು ಗೋಡೆಯ ಕಪಾಟಿನಲ್ಲಿ ಜೋಡಿಸಿದ್ದಳು. ಅಲ್ಲಿಯವರೆಗೆ ಟ್ರಂಕಿನಿಂದಲೇ ತೆಗೆದು ಟ್ರಂಕಿಗೇ ಇಡುತ್ತಿದ್ದಳು.

ಆಮೇಲೆ ಯಾರೂ ಮತ್ತೆ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಪ್ರತಿವರ್ಷ ಚಂದ್ರ ಕಂಡೊಡನೆ ಉಗುರು ಬಿಟ್ಟಳು. ಬೆಳೆದ ಉಗುರಿನಲ್ಲಿ ರೊಟ್ಟಿ ತಟ್ಟುವಾಗ ಹಿಟ್ಟು ಸಿಕ್ಕಿಕೊಳ್ಳುತ್ತಿತ್ತು, ಅಕ್ಕಿ ತೊಳೆಯುವಾಗ ಉಗುರು ಬೋಗುಣಿಗೆ ತಗಲುತ್ತಿತ್ತು. ಆ ಸಣ್ಣ ತೊಂದರೆ ಅವಳಿಗೆ ಬೇಕಾಗಿತ್ತು. ಹಬ್ಬದ ಬೆಳಿಗ್ಗೆ ಕುರ್ಬಾನಿಯಾಗುವ ತನಕ ಅಡಿಗೆಮನೆಯಲ್ಲೇ ಹಸಿದಿದ್ದು, ತನ್ನ ಬಕ್ರಾದ ಕಲೇಜಿಯನ್ನು, ಹುರಿದ ಯಕೃತ್ತನ್ನು, ತವೆಯಿಂದ ತೆಗೆದು ಮೊದಲ ತುತ್ತು ತಿನ್ನುತ್ತಿದ್ದಳು.

ಈ ಸಲ ಭಾಲ್ಕಿಯಿಂದ ಅವಸರ ಮಾಡಿ ಬಂದದ್ದೂ ಅದಕ್ಕೇ. ಜುಲ್ಫೀಕಾರನ ಅಕ್ಕ ಹಮೀದುನ್ನಿಸಾ ಅಲ್ಲಿ ಒಬ್ಬಳೇ ಇದ್ದಾಳೆ. ಮದುವೆಯಾಗಲಿಲ್ಲ. ಓಣಿಯ ಹುಡುಗಿಯರಿಗೆ ಕುರಾನು ಓದಿಸುತ್ತಾಳೆ. ಅವಳ ಕಣ್ಣಿನ ಪೊರೆ ತೆಗೆಸಿದಾಗ ಔಷಧಿಯ ಹನಿ ಹಾಕಲು ಕುಬರಾ ಹೋಗಿದ್ದಳು. ಹೊರಡುವ ಹಿಂದಿನ ದಿನ ಹಮೀದುನ್ನಿಸಾ ಕಪ್ಪು ಕನ್ನಡಕದ ಹಿಂದಿನಿಂದ, ಎತ್ತಲೋ ನೋಡುತ್ತ ಹೇಳಿದ್ದಳು:

"ಯಾಕ ಹೋಗ್ತಿ? ಆ ಮೂಡಣ ಕಿಡಕಿ ಕೋಣಿ ನಿಂದೇ ಅದ. ನಿನ್ನ ಬೆಕ್ಕಿಗೂ ಜಾಗಾ ಅದ. ಅದರ ಉಗುರು ನನ್ನ ನಮಾಜಿನ ಮುಸಲ್ಲಾಕ್ಕ ತಾಕದಿದ್ರ ಸಾಕು."

"ಬಕ್ರೀದ್ ಬಂತಲ್ಲ ಆಪಾ. ಆ ಮನ್ಯಾಗ ನನ್ನ ಹೆಸರಿನ ಬಕ್ರಾ ಇರ್ತದ. ನಾ ಇಲ್ಲದಿದ್ರ ಹ್ಯಾಂಗ?"

"ಹೌದವ್ವ, ನಿಂದು ಬಕ್ರಾದ ಬಾಳೇವು." ಹಮೀದುನ್ನಿಸಾ ನಕ್ಕಿದ್ದಳು. "ನನಗ ಬಕ್ರಾ ಎಲ್ಲಿಂದ ಬರಬೇಕು. ನಾನೂ ಹತ್ತು ದಿನ ಉಗುರು ಇಟ್ಕೊತೇನಿ. ಗಂಡಸರು ಈದ್‌ಗಾದಿಂದ ಬಂದ ಮ್ಯಾಲ ತಗೀತೇನಿ. ಇಲ್ಲದವರದು ಅಷ್ಟೇ ಕುರ್ಬಾನಿ, ಅವನು ಒಪ್ಕೊತಾನ."

ಪಾಪ ಎನಿಸಿತ್ತು ಕುಬರಾಳಿಗೆ.

ಐದನೆಯ ದಿನ ಮಕ್ಸೂದನೂ ಅಖೀಲನೂ ಟೆಂಪೋ ತೆಗೆದುಕೊಂಡು ಔರಾದದ ಕಡೆಗೆ ಹೋಗಿ ನಾಲ್ಕು ಬಕ್ರಾ ತಂದರು. ಅಂಗಳದ ಬೇವಿನ ಮರಕ್ಕೆ ಎರಡು, ನಲ್ಲಿಯ ಕಂಬಕ್ಕೆ ಎರಡು. ಅವುಗಳಲ್ಲಿ ಒಂದರ ಕಿವಿ ಉದ್ದ, ಹಣೆಯ ಮೇಲೆ ಬಿಳಿ ಮಚ್ಚೆ. ಅದು ತನ್ನದೇ ಇರಬೇಕೆಂದು ಕುಬರಾಳಿಗೆ ಅನಿಸಿತು. ತೊಗರಿ ಹೊಟ್ಟನ್ನು ನೆನೆಸಿ ಅದಕ್ಕೆ ಮೊದಲು ಕೊಟ್ಟಳು. ಅದರ ಕೊರಳಿಗೆ ಜೇಬಾ ತನ್ನ ಜಡೆಯ ಕೆಂಪು ರಿಬ್ಬನ್ ಕಟ್ಟಿದ್ದನ್ನು ನೋಡಿ ಹುಡುಗಿಯ ಆಟವೆಂದುಕೊಂಡಳು.

"ಭಾಳ ಛಂದ ಅದ ಅಲ್ಲೇನು ಫುಪ್ಪು?" ಜೇಬಾ ಕೇಳಿದಳು.

"ಭಾಳ ಛಂದ ಅದ."

ಇಬ್ಬರೂ ಅದರ ಎರಡು ಕಿವಿಗಳನ್ನು ಸವರುತ್ತ ಸ್ವಲ್ಪ ಹೊತ್ತು ನಿಂತಿದ್ದರು.

ಮಿಸ್ರಿ ಬಕ್ರಾಗಳನ್ನು ಇಷ್ಟಪಡಲಿಲ್ಲ. ಅವು ಬಂದ ಮೇಲೆ ಅಂಗಳಕ್ಕೆ ಇಳಿಯುವುದನ್ನೇ ಬಿಟ್ಟು ಕುಬರಾಳ ಹಾಸಿಗೆಯ ಮೇಲೆ ಮುದುಡಿ ಮಲಗಿತು. ಏಳನೆಯ ದಿನ ಹಾಸಿಗೆಯಿಂದ ಇಳಿಯುವಾಗ ಎಡಗಾಲನ್ನು ನೆಲಕ್ಕೆ ಊರದೆ, ಮೂರು ಕಾಲಿನಲ್ಲಿ ಹಾಲಿನ ಬಟ್ಟಲಿನ ತನಕ ಹೋಗಿದ್ದನ್ನು ಅವಳು ನೋಡಿದಳು. ಎಲ್ಲಿಂದಲೋ ಹಾರಿ ಉಳುಕಿರಬೇಕು ಎಂದುಕೊಂಡಳು. ಆ ದಿನ ಮನೆಯಲ್ಲಿ ಮಸಾಲೆ ಕುಟ್ಟುವ ಕೆಲಸವಿತ್ತು.

ಎಂಟನೆಯ ದಿನ ಬೆಳಿಗ್ಗೆ ಮಿಸ್ರಿ ಹಾಲಿಗೂ ಏಳಲಿಲ್ಲ. ಕುಬರಾ ಅದನ್ನು ಬಾಗಿಲ ಬೆಳಕಿಗೆ ತಂದು, ಭೂತಗನ್ನಡಿ ಹಾಕಿಕೊಂಡು ಎಡಗಾಲನ್ನು ಹಿಡಿದಳು. ಬೆಕ್ಕು ನೋವಿನಿಂದ ಕೂಗಿತು. ನಾಲ್ಕು ಬೆರಳು ಸರಿಯಾಗಿದ್ದವು. ಐದನೆಯದು, ಒಳಬದಿಯಲ್ಲಿ ಮೇಲಕ್ಕಿರುವ ಹೆಬ್ಬೆರಳು, ನೆಲಕ್ಕೆ ತಾಗದ್ದರಿಂದ ಎಂದೂ ಸವೆಯದ್ದು, ಅದರ ಉಗುರು ಪೂರ್ತಿ ಸುತ್ತಿಕೊಂಡು ತನ್ನದೇ ಮೆತ್ತೆಯೊಳಗೆ ಚುಚ್ಚಿ ಹೋಗಿತ್ತು. ಸುತ್ತ ಊತ, ಕೀವು. ತುದಿ ಎಲ್ಲಿದೆಯೆಂದೇ ಕಾಣುತ್ತಿರಲಿಲ್ಲ.

ಚಂದ್ರ ಕಂಡ ದಿನವೇ ಅದು ಮೆತ್ತೆಗೆ ತಾಗಿದ್ದಿರಬೇಕು. ಆ ದಿನ ಎಡಗಾಲು ಅವಳ ಕೈಯಲ್ಲೇ ಇತ್ತು. ಇನ್ನೊಂದು ಗಳಿಗೆ ಕೂತಿದ್ದರೆ ತೆಗೆದು ಮುಗಿಯುತ್ತಿತ್ತು.

ಅವಳು ಕಟ್ಟರನ್ನು ಹಿಡಿದಳು. ಮತ್ತೆ ಇಟ್ಟಳು. ಇಷ್ಟು ದಿನ ಕಾದಿದ್ದಾಗಿದೆ, ಇನ್ನೆರಡು ದಿನಕ್ಕೆ ತಪ್ಪಾಗಬಾರದು ಎಂಬ ಅಂಜಿಕೆ ಒಂದು ಕಡೆ, ಅದು ಎಂಥ ಹುಚ್ಚು ಅಂಜಿಕೆ ಎಂಬ ನಾಚಿಕೆ ಇನ್ನೊಂದು ಕಡೆ. ಎದ್ದು ಅಡಿಗೆಮನೆಗೆ ಹೋದಳು. ಫರಹತ ಪರಾತದಲ್ಲಿ ಹಿಟ್ಟು ನಾದುತ್ತಿದ್ದಳು.

"ಫರಹತ, ಮಿಸ್ರಿ ಉಗುರು ಕಾಲಾಗ ಹೊಕ್ಕಾದ. ತಗೀಬೇಕಾಗೇದ. ನನ್ನ ಕುರ್ಬಾನಿಗೇನೂ ಕಮ್ಮಿ ಆಗಂಗಿಲ್ಲಲ್ಲ?"

ಫರಹತ ಹಿಟ್ಟಿನ ಕೈಯನ್ನೇ ಎತ್ತಿ ನಕ್ಕಳು. "ಅಯ್ಯ ಆಪಾ, ಅಖೀಲ ಅಂದಿದ್ದಕ್ಕ ಬಿಟ್ಟೀರೇನು ಖರೇನೆ? ಬೆಕ್ಕಿಂದು ಯಾವಾಗ ಬೇಕಾರ ತಗೀರಿ. ನಿಮ್ಮವೂ ತಗೀರಿ, ಎಷ್ಟು ಬೆಳದಾವ ನೋಡ್ರಿ, ಹಿಟ್ಟಿನಾಗ ಸಿಗ್ತಾವ. ನಿಮಗೇನು ಈ ವರ್ಷ ಬಂಧನಿಲ್ಲ."

"ನನಗಿಲ್ಲಂದ್ರ?"

"ನಾಲ್ಕನೇದು ಜೇಬಾಂದಲ್ಲ. ಹೊಸ ಸೊಸಿ, ಮೊದಲನೇ ಬಕ್ರೀದ್." ಫರಹತ ನಾದುವುದನ್ನು ನಿಲ್ಲಿಸಿದಳು. "ನಿಮಗ ಇವರು ಹೇಳಿಲ್ಲೇನು?"

ಕುಬರಾ ತನ್ನ ಉಗುರುಗಳನ್ನು ಅಂಗೈಯೊಳಗೆ ಮಡಚಿಕೊಂಡಳು.

"ಹೇಳ್ತೀನಿ ಅಂದಿದ್ರು. ನೀವು ಭಾಲ್ಕ್ಯಾಗ ಇದ್ರಿ, ಮರತಿರಬೇಕು. ಹೋದ ವರ್ಷನೂ ಅಬ್ಬಾನ ಹೆಸರಲೆ ಕೊಟ್ಟಿದ್ರಲ್ಲ, ನಿಮಗ ಗೊತ್ತದ ಅಂತ ತಿಳಕೊಂಡಿದ್ದೆ ನಾ." ಫರಹತಳ ಮುಖ ನಿಜಕ್ಕೂ ಪೆಚ್ಚಾಗಿತ್ತು. "ಬ್ಯಾಸರಾ ಮಾಡ್ಕೋಬ್ಯಾಡ್ರಿ ಆಪಾ."

"ಬ್ಯಾಸರಾ ಯಾಕ," ಎಂದಳು ಕುಬರಾ. "ಬೆಕ್ಕಿನ ದವಾಖಾನಿಗೆ ಒಯ್ತೇನಿ. ರೊಟ್ಟಿ ಬಂದು ಮಾಡ್ತೇನಿ."

ಕಪಾಟಿನ ಮೇಲಿಂದ ಬಿದಿರಿನ ಬುಟ್ಟಿಯನ್ನು ಇಳಿಸಿದಳು. ಹನ್ನೊಂದು ವರ್ಷದಿಂದ ಅದರಲ್ಲಿ ಚಳಿಗಾಲದ ಹೊದಿಕೆಗಳಿದ್ದವು. ಆಟೋದಲ್ಲಿ ಕೂತ ಮೇಲೆ ಅವಳು ತನ್ನ ಉಗುರುಗಳನ್ನು ನೋಡಿಕೊಂಡಳು. ಎಂಟು ದಿನದ ಉಗುರು, ಅಂಚಿನಲ್ಲಿ ಅರಿಸಿನದ ಹಳದಿ. ಯಾರದೋ ಮನೆಯ ಕದ ತಟ್ಟಿ, ಯಾರೂ ಕರೆಯದಿದ್ದರೂ ಒಳಗೆ ಹೋಗಿ ಕೂತಂತೆ ಕಂಡವು.

ದನದ ದವಾಖಾನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಬ್ಬದ ಬಕ್ರಾಗಳೆಲ್ಲ ಅಲ್ಲಿಗೇ ಬಂದಂತಿತ್ತು. ಹೊಟ್ಟೆ ಉಬ್ಬಿದ್ದವು, ಕುಂಟುತ್ತಿದ್ದವು, ಟೆಂಪೋದಲ್ಲಿ ಕೊಂಬು ಮುರಿದುಕೊಂಡವು. ಡಾಕ್ಟರು ಯಾವುದೋ ಹಳ್ಳಿಗೆ ಹೋಗಿದ್ದರು. ಮೇಜಿನ ಹತ್ತಿರ ನೀಲಿ ಕೋಟಿನ ಹೆಂಗಸೊಬ್ಬಳು ಎಲ್ಲರನ್ನೂ ನೋಡಿ ಕಳಿಸುತ್ತಿದ್ದಳು. ಅಲ್ಲಿಯ ಪಶು ಇನ್‌ಸ್ಪೆಕ್ಟರು, ಸುವರ್ಣಾ. ಅವಳ ಮುಂದೆ ಬಿಳಿ ಗಡ್ಡದ ಮುದುಕನೊಬ್ಬ ಉಬ್ಬಿದ ಬಕ್ರಾವನ್ನು ಅಪ್ಪಿಕೊಂಡು ನಿಂತಿದ್ದ.

"ಏನು ಹಾಕೀರಿ ಚಾಚಾ ಇದಕ್ಕ?"

"ಗೋಧಿ. ಸ್ವಲ್ಪೇ."

"ಹಬ್ಬ ನಿಮಗೋ ಇದಕ್ಕೋ? ಸ್ವಲ್ಪ ಗೋಧಿಗೆ ಹೊಟ್ಟಿ ನಗಾರಿ ಆಗ್ತದೇನು?" ಸುವರ್ಣಾ ಔಷಧಿಯ ಬಾಟಲಿ ಅದರ ಬಾಯಿಗೆ ಇಟ್ಟಳು. "ಇವತ್ತೊಂದಿನಾ ಹುಲ್ಲು ಬಿಟ್ಟು ಏನೂ ಕೊಡಬ್ಯಾಡ್ರಿ. ಲಾಡ ಮಾಡಿ ಮಾಡಿ ಕೊಂದೀರಿ. ಹ್ಞಾಂ, ಮುಂದ ಯಾರು? ನಿಮ್ಮ ಬಕ್ರಾಕ್ಕ ಏನಾಗೇದ್ರಿ ಅಕ್ಕಾರ?"

"ಬಕ್ರಾ ಅಲ್ಲ್ರಿ, ಬೆಕ್ಕು," ಎಂದು ಕುಬರಾ ಬುಟ್ಟಿಯ ಮುಚ್ಚಳ ಸರಿಸಿದಳು.

ಸುವರ್ಣಾಳ ಮುಖ ಅರಳಿತು. "ಪುಣ್ಯಾ ಬರಲಿ ನಿಮಗ. ಮುಂಜಾನಿಂದ ಕಣ್ಣು ಮುಚ್ಚಿದ್ರೂ ಬಕ್ರಾನೇ ಕಾಣಲತ್ತಾವ." ಅವಳು ಕಾಲನ್ನು ನೋಡಿ ನಗು ನಿಲ್ಲಿಸಿದಳು. "ಗಟ್ಟಿ ಹಿಡಕೋರಿ. ಮಾರಿ ಬಟ್ಟಿಲೆ ಮುಚ್ಚರಿ."

ಕುಬರಾ ಓಢಣಿಯಿಂದ ಮಿಸ್ರಿಯ ತಲೆ ಮುಚ್ಚಿ ಎದೆಗೊತ್ತಿಕೊಂಡಳು. ಸುವರ್ಣಾ ಉಗುರನ್ನು ಬಾಗಿದ ಕಡೆ ಕತ್ತರಿಸಿ, ಒಳಗೆ ಸೇರಿದ್ದ ತುಂಡನ್ನು ಚಿಮಟಿಗೆಯಿಂದ ಹಿಡಿದು ಒಮ್ಮೆಲೇ ಹೊರಗೆಳೆದಳು. ಮಿಸ್ರಿಯ ದೇಹವೆಲ್ಲ ಬಿಲ್ಲಿನಂತೆ ಸೆಟೆದು, ಹಿಂಗಾಲಿನ ಉಗುರು ಕುಬರಾಳ ಮುಂಗೈಯಲ್ಲಿ ಉದ್ದಕ್ಕೆ ಗೀರಿತು. ಅವಳು ಕೈ ಸಡಿಲಿಸಲಿಲ್ಲ. ಕೀವು ಒರೆಸಿ, ತೊಳೆದು, ಮುಲಾಮು ಹಚ್ಚಿ, ಪಟ್ಟಿ ಕಟ್ಟುತ್ತ ಸುವರ್ಣಾ ಕೇಳಿದಳು:

"ನಿಮಗ ಉಗುರು ತೆಗೀಲಿಕ್ಕ ಬರಲ್ಲ ಅನ್ನಂಗಿಲ್ಲ. ಬಲಗಾಲು ನೋಡ್ರಿ, ಎಷ್ಟು ನಾಜೂಕಲೆ ತೆಗದೀರಿ. ಇದೊಂದ್ಯಾಕ ಬಿಟ್ರಿ?"

"ಬಲಗಾಲು ಆಗೂತನಾ ಚಾಂದ ಕಂಡ್ತು."

ಸುವರ್ಣಾಳಿಗೆ ತಿಳಿಯಲಿಲ್ಲ. ಕುಬರಾ ಎರಡು ಮಾತಿನಲ್ಲಿ ಹೇಳಿದಳು.

"ಹೌದ್ರಿ, ನಮ್ಮ ಔರಾದದಾಗ ಮನಿ ಬಾಜೂಕಿನವರೂ ಇಟ್ಕೊತಾರ, ನೋಡೀನಿ. ಆದ್ರ ಬೆಕ್ಕಿಗೂ ಅದೇನು ಅದು?"

"ಇಲ್ಲ."

"ಮತ್ತ?"

ಕುಬರಾ ಮಿಸ್ರಿಯ ಮುಖದ ಮೇಲಿನ ಓಢಣಿ ಸರಿಸಿದಳು. ಸುವರ್ಣಾ ಅವಳ ಕೈಯ ಗೀರನ್ನು ನೋಡಿ, ಹತ್ತಿಯನ್ನು ಔಷಧಿಯಲ್ಲಿ ಅದ್ದಿ ತಾನೇ ಒರೆಸಿದಳು. ಉರಿಯಿತು. ಯಾರಾದರೂ ತನ್ನ ಕೈಯನ್ನು ಹೀಗೆ ತಮ್ಮ ಕೈಯಲ್ಲಿ ಇಟ್ಟುಕೊಂಡು ಎಷ್ಟು ದಿನವಾಯಿತೆಂದು ಕುಬರಾ ಯೋಚಿಸಿದಳು.

"ಮಂಗಳವಾರ ಪಟ್ಟಿ ಬದಲಿ ಮಾಡಸ್ರಿ. ಆಮ್ಯಾಲ ಬೇಕಿಲ್ಲ, ತಾನೇ ಮಾಯ್ತದ." ಸುವರ್ಣಾ ದಪ್ಪ ರಜಿಸ್ಟರು ಎಳೆದುಕೊಂಡಳು. "ಯಾರ ಹೆಸರಲೆ ಬರೀಲಿ?"

"ಮಕ್ಸೂದ," ಎಂದಳು ಕುಬರಾ. ರೇಷನ್ನಿನಿಂದ ಹಿಡಿದು ಗ್ಯಾಸಿನ ತನಕ ಆ ಹೆಸರೇ ಬಾಯಿಗೆ ಬರುತ್ತಿತ್ತು. ಸುವರ್ಣಾ ಮೊದಲ ಅಕ್ಷರ ಬರೆಯುವಷ್ಟರಲ್ಲಿ ಅವಳೇ ಹೇಳಿದಳು, "ಬ್ಯಾಡ್ರಿ. ಕುಬರಾ ಅಂತ ಬರೀರಿ. ಬೆಕ್ಕು ನಂದು."

ಮರುದಿನ, ಹಬ್ಬದ ಹಿಂದಿನ ದಿನ, ಹೊತ್ತು ಇಳಿಯುವಾಗ ಮಕ್ಸೂದ ಅವಳ ಕೋಣೆಯ ಬಾಗಿಲಿಗೆ ಬಂದು ನಿಂತ. ಕೋಣೆ ಮೆಟ್ಟಿಲ ಕೆಳಗಿದ್ದುದರಿಂದ ಒಳಗೆ ಬಂದವರು ತಲೆ ತಗ್ಗಿಸಬೇಕಿತ್ತು. ಅವನು ಹೊಸ್ತಿಲಲ್ಲೇ ಇದ್ದ. ಮಿಸ್ರಿ ಪಟ್ಟಿ ಕಟ್ಟಿದ ಕಾಲನ್ನು ಮುಂದೆ ಚಾಚಿ ನಿದ್ದೆ ಮಾಡುತ್ತಿತ್ತು.

"ಹ್ಯಾಂಗದ ಈಗ?"

"ಆರಾಮದ. ಹಾಲು ಕುಡೀತು."

"ಫರಹತ ಹೇಳಿದಳು ಆಪಾ." ಅವನು ಬಾಗಿಲ ಚೌಕಟ್ಟಿನ ಬಣ್ಣದ ಸಿಪ್ಪೆಯನ್ನು ಉಗುರಿನಿಂದ ಎಬ್ಬಿಸುತ್ತಿದ್ದ. ಅವನ ಉಗುರೂ ಬೆಳೆದಿದ್ದವು. "ನಾನೇ ಹೇಳಬೇಕಿತ್ತು. ಜೇಬಾನ ತವರಿನವರು ನೋಡ್ತಿರ್ತಾರ, ಹೊಸ ಸೊಸಿ ಹೆಸರಲೆ ಕೊಟ್ರೋ ಇಲ್ಲೋ ಅಂತ. ಮುಂದಿನ ವರ್ಷ ನಿಂದೇ. ಮೊದಲು ನಿಂದು, ಆಮ್ಯಾಲ ನಂದು."

"ಇರಲಿ ಬಿಡು."

"ಮನಸಿಗೆ ಹಚ್ಕೊಂಡಿ ನೀ."

"ಇಲ್ಲೋ." ಅವಳು ಮಿಸ್ರಿಯ ಬೆನ್ನು ಸವರಿದಳು. "ಮಕ್ಸೂದ, ಒಂದು ಕೇಳ್ತೇನಿ. ನನ್ನ ಹೆಸರಲೆ ಎಷ್ಟು ವರ್ಷ ಆಗೇದ?"

ಅವನು ಬೇಗ ಹೇಳಲಿಲ್ಲ. ಸುಳ್ಳು ಹೇಳಬೇಕೆಂದಿದ್ದರೆ ಬೇಗ ಹೇಳಬಹುದಿತ್ತು. ಸಣ್ಣವನಿದ್ದಾಗಿನಿಂದಲೂ ಅವನಿಗೆ ಅವಳ ಮುಂದೆ ಸುಳ್ಳು ಬರುತ್ತಿರಲಿಲ್ಲ.

"ಮೊದಲನೇ ವರ್ಷ ಖರೆ ಆಗಿತ್ತು ಆಪಾ," ಎಂದ. "ಆಮ್ಯಾಲ ತೀರಿಹೋದ ಅಮ್ಮಾಂದು ಮಾಡಿದ್ವಿ. ಅಬ್ಬಾಂದು. ಒಂದು ವರ್ಷ ಅಮ್ಮಾನ ತಾಯಿ, ನಮ್ಮ ನಾನೀದು. ಹಂಗೇ ಒಬ್ಬೊಬ್ಬರದು. ನೀ ಕೇಳಲೂ ಇಲ್ಲ, ನನಗೂ..."

"ಅವರದು ಆಗಿದ್ದು ಛಲೋನೇ ಆಯ್ತು. ಅವರಿಗೆ ಬ್ಯಾರೆ ಯಾರಿದ್ರು ಮಾಡೋರು."

"ನಿನಗ ಈ ಮನ್ಯಾಗ ಏನರ ಕಮ್ಮಿ..."

"ಯಾರಂದ್ರು ಕಮ್ಮಿ ಅಂತ. ಹೋಗು, ಚಹಾ ಆರ್ತದ."

ಅವನು ಹೋದ. ಹೋಗುವಾಗ ಮೆಟ್ಟಿಲಿಗೆ ತಲೆ ತಾಗಿತು. ಅವನು ತಲೆ ಉಜ್ಜಿಕೊಳ್ಳುತ್ತ ಹೋದದ್ದನ್ನು ನೋಡಿ ಅವಳಿಗೆ ಮರುಕವೇ ಆಯಿತು. ಒಳ್ಳೆಯವನು. ಅವಳ ಮಾತ್ರೆ ಮುಗಿಯುವುದಕ್ಕೆ ಮೊದಲೇ ತಂದಿಡುವವನು. ಮರೆತಿದ್ದಾನೆ ಅಷ್ಟೇ. ಹತ್ತು ವರ್ಷ ಅವಳು ಉಗುರು ಬಿಟ್ಟದ್ದನ್ನು, ಹಸಿದು ಕೂತದ್ದನ್ನು, ತನ್ನದೆಂದು ಕಲೇಜಿ ತಿಂದದ್ದನ್ನು ಒಂದೇ ಮನೆಯಲ್ಲಿದ್ದವರು ಯಾರೂ ನೋಡಿರಲಿಲ್ಲ. ನೋಡಿದ್ದರೆ ಒಬ್ಬರಾದರೂ ಹೇಳುತ್ತಿದ್ದರು. ಬೈದಿದ್ದರೆ, ಜಗಳವಾಗಿದ್ದರೆ ಇಷ್ಟು ಖಾಲಿ ಅನಿಸುತ್ತಿರಲಿಲ್ಲವೇನೋ.

ಕಟ್ಟರು ಡಬ್ಬಿಯಲ್ಲೇ ಇತ್ತು. ತೆಗೆದುಬಿಡಬಹುದಿತ್ತು. ಬಂಧನವಿಲ್ಲ ಎಂದಿದ್ದಳಲ್ಲ ಫರಹತ. ಅವಳು ಡಬ್ಬಿಯನ್ನು ತೆರೆದಳು. ಹತ್ತನೆಯ ದಿನಕ್ಕೆ ಒಂದು ರಾತ್ರಿ ಬಾಕಿಯಿತ್ತು. ಇಲ್ಲದವರದು ಅಷ್ಟೇ ಕುರ್ಬಾನಿ ಎಂದು ಹಮೀದುನ್ನಿಸಾ ಹೇಳಿದ್ದು, ಆಗ ಪಾಪ ಎನಿಸಿದ್ದು, ನೆನಪಾಯಿತು. ಹಾಗಾದರೆ ಆ ಹತ್ತು ವರ್ಷಗಳ ಉಗುರು ಯಾರ ಲೆಕ್ಕಕ್ಕೂ ಹೋಗಿಲ್ಲ, ತನ್ನದೇ ಕುರ್ಬಾನಿಯಾಗಿದ್ದವು. ಡಬ್ಬಿಯನ್ನು ಮುಚ್ಚಿದಳು.

ಹಬ್ಬದ ಬೆಳಿಗ್ಗೆ ಗಂಡಸರು ಈದ್‌ಗಾದಿಂದ ಬಂದರು. ಅಂಗಳದಲ್ಲಿ ನೀರು ಸುರಿದ ಸದ್ದು, ಕಸಾಯಿಯವನ ಮಾತು, ಒಂದೊಂದೇ ಬಕ್ರಾ. ನಾಲ್ಕನೆಯ ಸಲ ಅಖೀಲ, "ಜೇಬಾ, ಬಾ ಇಲ್ಲಿ, ಕೈ ಇಡು," ಎಂದು ಕರೆದ. ಹುಡುಗಿ ಹೋಗಿ, ಬಿಳಿ ಮಚ್ಚೆಯ ಹಣೆಯ ಮೇಲೆ ಕೈ ಇಟ್ಟು, ಮುಖ ತಿರುಗಿಸಿಕೊಂಡು ಅಡಿಗೆಮನೆಗೆ ಓಡಿ ಬಂದಳು. ಕಣ್ಣು ತುಂಬಿದ್ದವು. ಕೈಯಲ್ಲಿ ಕೆಂಪು ರಿಬ್ಬನ್ ಇತ್ತು.

"ನೀವು ತಿನ್ನಸಿದ ಹೊಟ್ಟು ಬಿಟ್ಟು ಬ್ಯಾರೆ ಮುಟ್ಟತಿದ್ದಿಲ್ಲ ಫುಪ್ಪು ಅದು," ಎಂದಳು.

ಕುಬರಾ ಅವಳನ್ನು ಹತ್ತಿರ ಎಳೆದುಕೊಂಡು ತಲೆ ಸವರಿದಳು. "ನಿಂದು ಕಬೂಲ್ ಆಗ್ಲಿ," ಎಂದಳು. ಆ ಮಾತು ಮನಸ್ಸಿನಿಂದಲೇ ಬಂತು.

ಆಮೇಲೆ ಮನೆಯಲ್ಲಿ ಉಗುರು ತೆಗೆಯುವ ಸಡಗರ. ಒಂದೇ ನೇಲ್‌ಕಟ್ಟರು ಕೈಯಿಂದ ಕೈಗೆ ಹೋಗುತ್ತಿತ್ತು. ಅಖೀಲ ಕನ್ನಡಿಯ ಮುಂದೆ ಗಡ್ಡದ ಜೊತೆ ಜಗಳಕ್ಕೆ ನಿಂತಿದ್ದ. ಫರಹತ ತನ್ನದು ಮುಗಿಸಿ ಅದನ್ನು ಕುಬರಾಳ ಕಡೆ ಚಾಚಿದಳು.

"ನನ್ನ ಹಂತೇಲಿ ಅದ," ಎಂದು ಕುಬರಾ ತನ್ನ ಕೋಣೆಗೆ ಬಂದಳು.

ಹಳೆಯ ಕಾಗದ ಹಾಸಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಜುಲ್ಫೀಕಾರನ ಕಟ್ಟರು ಹಿಡಿದಳು. ಬಲಗೈ, ತೋರುಬೆರಳು ಮೊದಲು. ಐದೂ ತೆಗೆದಳು. ಎಡಗೈಗೆ ಬರುವಾಗ ಕೈ ತಾನಾಗಿ ಒಂದು ಕ್ಷಣ ನಿಂತಿತು. ಮಿಸ್ರಿ ಅರ್ಧ ಕಣ್ಣು ತೆರೆದು ನೋಡುತ್ತಿತ್ತು.

"ಈ ಸಲ ನಿಲ್ಲಸಂಗಿಲ್ಲ," ಎಂದು ಅದಕ್ಕೆ ಹೇಳಿ ಎಡಗೈಯನ್ನೂ ಮುಗಿಸಿದಳು. ಆಮೇಲೆ ಬೆಕ್ಕಿನ ಎಡಗಾಲಿನಲ್ಲಿ ಪಟ್ಟಿಯಿಂದ ಹೊರಗಿದ್ದ ನಾಲ್ಕು ಬೆರಳಿನವನ್ನು ತೆಗೆದಳು. ಹಿಂಗಾಲಿನವೂ ಆದವು. ಮಿಸ್ರಿ ಒದ್ದಾಡಲಿಲ್ಲ. ಕಾಗದದ ಮೇಲೆ ಇಬ್ಬರ ಉಗುರೂ ಬೆರೆತು ಬಿದ್ದಿದ್ದವು, ಅವಳವು ಹಳದಿ, ಅದರವು ಗಾಜಿನ ಚೂರಿನಂತೆ. ಮಡಚಿ, ಆಮೇಲೆ ಮಣ್ಣಿನಲ್ಲಿ ಹೂಳಲು ಪಕ್ಕಕ್ಕಿಟ್ಟಳು.

ಫೋನು ಬಂತು. ಹಮೀದುನ್ನಿಸಾ.

"ಈದ್ ಮುಬಾರಕ್. ನಾ ಉಗುರು ತೆಗದೆ. ನೀ?"

"ಈಗ ತೆಗದೆ ಆಪಾ."

"ಕಣ್ಣು ಬಂದ ಮ್ಯಾಲ ಮೊದಲನೇ ಸಲ ಛಂದ ಕಾಣಸ್ತು. ಇಷ್ಟು ವರ್ಷ ಬೆರಳಿಗೆ ಎಷ್ಟು ಅನ್ಯಾಯ ಮಾಡೀನಿ ಅಂತ ಗೊತ್ತಾಯ್ತು. ಕಾಲಿನವೂ ಕಾಣ್ತಾವ, ಆದ್ರ ಬಗ್ಗಲಿಕ್ಕ ಆಗಂಗಿಲ್ಲ. ಡಾಕ್ಟರು ಬಗ್ಗಬ್ಯಾಡ ಅಂದಾರ. ಹಂಗೇ ಬಿಟ್ಟೀನಿ." ಹಾಗೆಯೇ ಕೇಳಿದಳು, "ನಿನ್ನ ಬಕ್ರಾ ಹ್ಯಾಂಗಿತ್ತು?"

ಅಂಗಳದಿಂದ ಅಖೀಲನ ನಗು ಕೇಳಿಸುತ್ತಿತ್ತು. ಕುಬರಾ ಮಿಸ್ರಿಯ ಪಟ್ಟಿಯ ಗಂಟನ್ನು ಬೆರಳಿನಿಂದ ಸರಿಮಾಡಿದಳು.

"ಛಲೋ ಇತ್ತು ಆಪಾ. ಹಣೀ ಮ್ಯಾಲ ಬಿಳಿ ಮಚ್ಚಿ ಇತ್ತು." ಆಮೇಲೆ ಹೇಳಿದಳು, "ಕಾಲಿನವು ಹಂಗೇ ಇರಲಿ. ನೀವೇ ತೆಗೀಲಿಕ್ಕ ಹೋಗಿ ಗಾಯ ಮಾಡ್ಕೋಬ್ಯಾಡ್ರಿ."

"ಮತ್ತ ಯಾರು ತೆಗೀತಾರ, ನನ್ನ ಓದೋ ಹುಡುಗ್ಯಾರೇನು?"

"ಇರಲಿ ಅಂದೆ."

ಫೋನು ಇಟ್ಟಳು. ಮಂಗಳವಾರ ಸುವರ್ಣಾ ಪಟ್ಟಿ ಬದಲಿಸುತ್ತಾಳೆ. ಬುಧವಾರ ಮುಂಜಾನೆಯ ಭಾಲ್ಕಿ ಬಸ್ಸಿಗೆ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರಬಹುದು. ಕಪಾಟಿನ ಬಟ್ಟೆ ಟ್ರಂಕಿಗೆ ಹಿಡಿಸುತ್ತವೆ, ಹೆಚ್ಚೇನೂ ಆಗಿಲ್ಲ. ಮೂಡಣ ಕಿಟಕಿಯ ಕೋಣೆಯಲ್ಲಿ ಬೆಳಗಿನ ಬೆಳಕು ಚೆನ್ನಾಗಿ ಬೀಳುತ್ತದೆ. ಅಲ್ಲಿ ಕೆಂಪು ಗೆರೆಯನ್ನು ನೋಡಲು ಕಣ್ಣು ಕಿರಿದು ಮಾಡಬೇಕಾಗುವುದಿಲ್ಲ.

"ಆಪಾ, ಕಲೇಜಿ ಆಗೇದ, ಬರ್ರಿ, ಬಿಸಿ ಇದ್ದಾಗ," ಫರಹತ ಕರೆದಳು.

ಕುಬರಾ ಭೂತಗನ್ನಡಿಯನ್ನು ಒರೆಸಿ, ಕಟ್ಟರಿನ ಜೊತೆ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಎಂದಿನಂತೆ ಕಪಾಟಿಗೆ ಇಡದೆ ಬಿದಿರಿನ ಬುಟ್ಟಿಯ ತಳದಲ್ಲಿ ಇಟ್ಟಳು. ಅದರ ಮೇಲೆ ಓಢಣಿ ಹಾಸಿದಳು.

"ಬಂದೆ," ಎಂದು ಕೈ ತೊಳೆದುಕೊಳ್ಳಲು ಎದ್ದಳು.